ಶೆಡ್ಡಿನ ಮೇಲೆ ಅರ್ಧ ಕಟ್ಟಿದ ತಾಡಪತ್ರಿ

ಅಥಣಿಯಿಂದ ಕಾಗವಾಡದ ಕಡೆಗೆ ಹೋಗುವಾಗ ದ್ರಾಕ್ಷಿ ತೋಟಗಳ ನಡುವೆ ಎತ್ತರದ ಶೆಡ್ಡೊಂದು ಕಾಣುತ್ತದೆ. ಬೇಸಿಗೆಯಲ್ಲಿ ಅದರೊಳಗೆ ದ್ರಾಕ್ಷಿ ಒಣಗುತ್ತದೆ, ಉಳಿದ ದಿನಗಳಲ್ಲಿ ಖಾಲಿ. ಆದರೆ ದೀಪಾವಳಿಯ ಆಸುಪಾಸಿನಲ್ಲಿ ಬಳ್ಳಿಗಳು ಹೂವಿಗೆ ಬಂದವೆಂದರೆ, ಸುತ್ತಲಿನ ತೋಟದವರು ಎದ್ದೊಡನೆ ನೋಡುವುದು ಆ ಶೆಡ್ಡಿನ ನೆತ್ತಿಯನ್ನೇ. ಅಲ್ಲಿ ನೀಲಿ ಪ್ಲಾಸ್ಟಿಕ್ಕಿನ ತಾಡಪತ್ರಿ ಹರಡಿದ್ದರೆ ಮಳೆ ಬರುತ್ತದೆ, ಹೂ ಕೊಳೆಯದಂತೆ ಕೂಡಲೇ ಔಷಧ ಹೊಡೆಯಬೇಕು. ಇಲ್ಲದಿದ್ದರೆ ಸುಮ್ಮನಿರಬೇಕು.

ಈ ಪದ್ಧತಿಯನ್ನು ಹಾಕಿದವನು ಶೆಡ್ಡಿನ ಯಜಮಾನ ಜಿನೇಂದ್ರ. ಔಷಧ ಮೆತ್ತಿದ ಕೈಯಲ್ಲಿ ಫೋನು ಹಿಡಿಯುವುದು ಹೇಗೆ, ತಲೆ ಎತ್ತಿದರೆ ತಿಳಿಯುವಂತಿರಬೇಕು ಎನ್ನುತ್ತಿದ್ದ. ಅವನು ತೀರಿಕೊಂಡ ಮೇಲೆ ಹೆಂಡತಿ ಜಿನಮತಿ ಅದನ್ನು ನಿಲ್ಲಿಸಲಿಲ್ಲ. ಅವನ ಫೋನಿನಲ್ಲಿ ಗಾಳಿ ಮೋಡಗಳ ನಕ್ಷೆ ನೋಡುವುದನ್ನು ಕಲಿತಳು; ಏಣಿ ಹತ್ತುವುದನ್ನೂ ಕಲಿತಳು.

ತಾಡಪತ್ರಿ ಎಲ್ಲವನ್ನೂ ಹೇಳಿಬಿಡುತ್ತಿತ್ತು. ಹಾಗಾಗಿ ಮನೆಗೆ ಬಂದು ಕೇಳುವ ಕಾರಣ ಯಾರಿಗೂ ಉಳಿದಿರಲಿಲ್ಲ. ಮಕ್ಕಳಿಲ್ಲದ ಮನೆ. ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮುಂಚೆಯೇ ಊಟವಾಗುತ್ತಿತ್ತು. ಒಲೆ ಆರಿಸಿದ ಮೇಲೆ ಉಳಿಯುವ ಸಂಜೆ ಮಾತ್ರ ಬಹಳ ಉದ್ದವಾಗಿರುತ್ತಿತ್ತು.

ಈ ಸಲ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು. ಫೋನಿನಲ್ಲಿ ಎರಡು ಲೆಕ್ಕಗಳಿದ್ದವು. ಯುರೋಪಿನವರ ಲೆಕ್ಕದಲ್ಲಿ ಬಿರುಗಾಳಿ ಆಂಧ್ರದ ದಡ ದಾಟಿ, ಕಲಬುರ್ಗಿ, ವಿಜಯಪುರ ಹಿಡಿದು ನೇರ ಅಥಣಿಗೆ ಬರುತ್ತಿತ್ತು. ಅಮೆರಿಕದವರ ಲೆಕ್ಕದಲ್ಲಿ ಅದು ದಡ ದಾಟಿದ್ದೇ ಬಡಗಣಕ್ಕೆ ಹೊರಳಿ ನಾಗಪುರದ ಕಡೆಗೆ ಹೋಗುತ್ತಿತ್ತು. ಬೆಳಗ್ಗೆ ನೋಡಿದಳು, ಮಧ್ಯಾಹ್ನ ನೋಡಿದಳು. ಒಂದೂ ತನ್ನ ಹಟ ಬಿಡಲಿಲ್ಲ.

ಹೋದ ವರ್ಷವೂ ಹೀಗೇ ಆಗಿತ್ತು. ಮನಸ್ಸಿಗೆ ಹಿತವಾದ ನಕ್ಷೆಯನ್ನು ನಂಬಿ ಆಕೆ ತಾಡಪತ್ರಿ ಕಟ್ಟದೆ ಬಿಟ್ಟಳು. ಮಳೆ ಸುರಿಯಿತು. ಬದಿಯ ತೋಟದ ಸಿದ್ದಲಿಂಗನ ಹೂಗೊಂಚಲೆಲ್ಲ ಕೊಳೆತು ಉದುರಿದವು. ಅವನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತೆಂದು ಆಕೆಗೆ ಎಷ್ಟೋ ಸಲ ಅನ್ನಿಸಿದೆ. ಹಾಗೆಂದು ಸುಮ್ಮಸುಮ್ಮನೆ ಕಟ್ಟುವಂತೆಯೂ ಇಲ್ಲ. ಅರಳಿದ ಹೂವಿನ ಮೇಲೆ ಔಷಧ ಬಿದ್ದು ಮಳೆ ಬಾರದಿದ್ದರೆ ಹೂ ಸುಡುತ್ತದೆ. ಈ ಸಲವೂ ತಪ್ಪಿದರೆ ಆ ಶೆಡ್ಡಿನತ್ತ ತಲೆ ಎತ್ತಿ ನೋಡುವವರೇ ಇರುವುದಿಲ್ಲ.

ಇಳಿಹೊತ್ತಿಗೆ ಏಣಿ ಹತ್ತಿದಳು. ಎರಡು ಮೂಲೆ ಕಟ್ಟಿದಳು. ಮೂರನೆಯ ಮೂಲೆಗೆ ಬಂದಾಗ ಕೈ ನಿಂತಿತು. ಮೂಡಣದಲ್ಲಿ ಮಬ್ಬು, ಪಡುವಣದಲ್ಲಿ ಹೊಳೆಯುವ ಬಿಸಿಲು. ಗೊತ್ತಿಲ್ಲ ಎಂಬುದಕ್ಕೆ ಜಿನೇಂದ್ರ ಯಾವ ಗುರುತನ್ನೂ ಮಾಡಿಟ್ಟಿರಲಿಲ್ಲ. ಉಳಿದರ್ಧವನ್ನು ಸುತ್ತಿದ್ದಂತೆಯೇ ಬಿಟ್ಟು ಕೆಳಗಿಳಿದಳು. ಊಟ ಮಾಡಿದಳು, ಆದರೆ ರುಚಿ ತಿಳಿಯಲಿಲ್ಲ.

ಹೊತ್ತು ಮುಳುಗುವಾಗ ಅಂಗಳದಲ್ಲಿ ಮೋಟರ್ ಸೈಕಲ್ ನಿಂತಿತು. ಸಿದ್ದಲಿಂಗ ಬಂದಿದ್ದ. ಅವನ ಹಿಂದೆ ಆಚೆ ತೋಟದ ಕಾಕಾಸಾಹೇಬ, ತೋಟಗೆಲಸದ ಹೆಂಗಸರ ಮುಂದಾಳು ಸಾವಕ್ಕ, ಇನ್ನೂ ಕೆಲವರು.

“ಅರ್ಧಾ ಕಟ್ಟೀರಲ್ಲ ವೈನಿ, ಅರ್ಧಾ ಊರಿಗಷ್ಟ ಮಳಿ ಬರತೈತೇನ್ರಿ?” ಎಂದ ಸಿದ್ದಲಿಂಗ.

“ಮುದುಕಿ ಏಣಿ ಮ್ಯಾಲಿಂದ ಬಿದ್ದಾಳಂತ ನಾ ಓಡಿ ಬಂದ್ನಿ, ಇಕಿ ನೋಡಿದ್ರ ಕಲ್ಲ ಇದ್ದಂಗ ಕುಂತಾಳ” ಎಂದಳು ಸಾವಕ್ಕ.

ಜಿನಮತಿ ನಕ್ಕಳು. ಮೇಲಿನ ಹಲಗೆಯಲ್ಲಿದ್ದ ಚಹಾದ ಕಪ್ಪು-ಬಸಿಗಳನ್ನು ಇಳಿಸಿ, ಧೂಳು ತೊಳೆದು ಚಹಾ ಮಾಡಿದಳು. ಹೊತ್ತು ಮುಳುಗಿತ್ತು, ತಾನು ಕುಡಿಯುವಂತಿರಲಿಲ್ಲ. ಎಲ್ಲರಿಗೂ ಕೊಟ್ಟು, ಹೊಸ್ತಿಲ ಬಳಿ ಕುಳಿತು ಎರಡೂ ನಕ್ಷೆ ತೋರಿಸಿದಳು. ಪಂಚಾಂಗದಲ್ಲಿ ಈ ಮಳೆಗೆ ಕಪ್ಪೆಯ ವಾಹನ ಕೊಟ್ಟಿದ್ದಾರೆ, ಬಂದೇ ಬರುತ್ತದೆ ಎಂದು ಕಾಕಾಸಾಹೇಬ ಸಾಧಿಸಿದ. ಹೋದ ಸಲ ಮಳೆ ಕಡಿಮೆ ಎನ್ನುವ ಕತ್ತೆಯ ವಾಹನವಿದ್ದೂ ಸುರಿಯಿತಲ್ಲ ಎಂದು ಸಾವಕ್ಕ ಅವನ ಬಾಯಿ ಮುಚ್ಚಿಸಿದಳು.

ಹೋದ ಸಲದ ಮಾತು ಬಂದೊಡನೆ ಜಿನಮತಿ ತಲೆ ತಗ್ಗಿಸಿದಳು. “ನನಗ ತಿಳೀವಲ್ದು ಸಿದ್ದಲಿಂಗ. ಕಟ್ಟಿದ್ರೂ ಅಂಜಿಕಿ, ಬಿಟ್ರೂ ಅಂಜಿಕಿ” ಎಂದಳು.

ಸಿದ್ದಲಿಂಗ ಬಸಿಯನ್ನು ಕೆಳಗಿಟ್ಟ. “ತಿಳೀವಲ್ದು ಅಂದ್ರ ತಿಳೀವಲ್ದು ಅನ್ರಿ. ನಾವು ನಮ್ಮ ನಮ್ಮ ಬಳ್ಳಿ ನೋಡಿ ಹೊಡೀತೀವಿ. ಎಲ್ಲಾ ಭಾರ ನೀವೊಬ್ಬರ ಯಾಕ ಹೊರತೀರಿ?”

ಮೊಗ್ಗಿನಲ್ಲಿರುವ ತೋಟದವರು ಬೆಳಗ್ಗೆಯೇ ಔಷಧ ಹೊಡೆಯುವುದು, ಹೂ ಪೂರ್ತಿ ಅರಳಿದವರು ಇನ್ನೊಂದು ದಿನ ಕಾಯುವುದು ಎಂದಾಯಿತು. ಆಮೇಲೆಯೂ ಯಾರೂ ಬೇಗ ಏಳಲಿಲ್ಲ. ಜಿನೇಂದ್ರನ ಹಳೆಯ ಸಂಗತಿಗಳು ಬಂದವು. ಅವನು ಒಮ್ಮೆ ಆ ತಾಡಪತ್ರಿಯ ಜೊತೆಗೇ ಗಾಳಿಗೆ ಹಾರಿ ಕಬ್ಬಿನ ಹೊಲದಲ್ಲಿ ಬಿದ್ದದ್ದನ್ನು ಹೇಳಿ ಸಾವಕ್ಕ ಎಲ್ಲರನ್ನೂ ನಗಿಸಿದಳು.

ಬಿರುಗಾಳಿ ಯಾರ ಲೆಕ್ಕಕ್ಕೂ ಸಿಗಲಿಲ್ಲ. ವಿಜಯಪುರದವರೆಗೆ ಬಂದು ಅಲ್ಲೇ ಸುರಿದು ಕರಗಿತು. ಇಲ್ಲಿ ಎಲೆ ತೋಯುವಷ್ಟು ಹನಿಯಿತು, ಅಷ್ಟೇ. ಯಾರ ಹೂವೂ ಉದುರಲಿಲ್ಲ.

ಮುಂದಿನ ವಾರ ಮತ್ತೆ ಮೋಡ ಕಟ್ಟಿತು. ಈ ಸಲ ಎರಡೂ ನಕ್ಷೆಗಳು ಒಂದೇ ಮಾತು ಹೇಳಿದವು, ಮಳೆ ಖಂಡಿತ. ಜಿನಮತಿ ಏಣಿ ಹತ್ತಿ ಎರಡು ಮೂಲೆ ಕಟ್ಟಿ ನಿಂತಳು. ಇಷ್ಟಕ್ಕೇ ಬಿಟ್ಟು ಇಳಿದರೆ ಸಂಜೆ ಅಂಗಳದಲ್ಲಿ ಮತ್ತೆ ಮೋಟರ್ ಸೈಕಲ್ ನಿಲ್ಲುತ್ತದೆ. ಮನೆಯಲ್ಲಿ ಕಪ್ಪು-ಬಸಿಗಳು ಇನ್ನೂ ಕೆಳಗಿನ ಹಲಗೆಯಲ್ಲೇ ಇದ್ದವು. ಗಾಳಿಗೆ ಬಿಡಿ ತುದಿ ಪಟಪಟ ಬಡಿಯುತ್ತಿತ್ತು. ಸಿದ್ದಲಿಂಗನ ತೋಟದಲ್ಲಿ ಯಾರೋ ತಲೆ ಎತ್ತಿ ಇತ್ತಲೇ ನೋಡುತ್ತಿದ್ದರು.

ಆಕೆ ಬಗ್ಗಿ ಉಳಿದೆರಡು ಮೂಲೆಗಳನ್ನೂ ಬಿಗಿದು ಕಟ್ಟಿದಳು. ಕೆಳಗಿಳಿಯುವಷ್ಟರಲ್ಲಿ ಔಷಧ ಹೊಡೆಯುವ ಟ್ರ್ಯಾಕ್ಟರಿನ ಸದ್ದು ಮೊದಲು ಸಿದ್ದಲಿಂಗನ ತೋಟದಲ್ಲಿ, ಆಮೇಲೆ ಆಚೆಯ ತೋಟದಲ್ಲಿ ಎದ್ದಿತು. ಯಾರೂ ಬರಲಿಲ್ಲ. ಹೊತ್ತು ಮುಳುಗುವ ಮುಂಚೆ ಆಕೆ ಒಬ್ಬಳೇ ಉಂಡು ಒಲೆ ಆರಿಸಿದಳು.