ಬಿಳಿ ಬೆಕ್ಕು ಮಲಗಿದ ಮನೆ

ಯಾರ ಮನೆಯಲ್ಲಾದರೂ ಬಿಳಿ ಬೆಕ್ಕಿನ ಮರಿ ಕಂಡರೆ ನಾನು ಮೊದಲು ಮಾಡುವ ಕೆಲಸ ಅದರ ಬೆನ್ನ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟುವುದು. ನಿಲಂಗಾದಲ್ಲಿ ನಮ್ಮ ಪಕ್ಕದ ಮನೆಯವರು ಈಚೆಗೆ ಒಂದು ಮರಿ ತಂದರು. ಓಣಿಯ ಹೆಂಗಸರೆಲ್ಲ ಸುತ್ತ ಕೂತು ಮುದ್ದು ಮಾಡುತ್ತಿದ್ದಾಗ ನಾನು ಹೋಗಿ ಚಪ್ಪಾಳೆ ಹೊಡೆದೆ. ಮರಿ ಬೆಚ್ಚಿಬಿದ್ದು ಮಂಚದ ಕೆಳಗೆ ಓಡಿತು. "ಪಾಪ, ಯಾಕ್ರೀ ಅದಕ್ಕ ಅಂಜಸ್ತೀರಿ?" ಎಂದು ಮನೆಯಾಕೆ ಮುಖ ಸಿಂಡರಿಸಿದರು. ಅಂಜಿತಲ್ಲ, ನನಗೆ ಅಷ್ಟು ಸಾಕಾಗಿತ್ತು. ಚಹಾ ಕುಡಿಯದೆ ಎದ್ದು ಬಂದೆ.

ನಮ್ಮ ಸೀಮೆಯಲ್ಲಿ ದೊಡ್ಡ ಭೂಕಂಪವಾದಾಗ ನನಗೆ ಹತ್ತು ವರ್ಷ. ಮುರುಮದ ಹತ್ತಿರದ ಹಳ್ಳಿಯಲ್ಲಿ ನಮ್ಮದು ಕಲ್ಲುಮಣ್ಣಿನ ದಪ್ಪ ಗೋಡೆಯ, ಮೇಲೆ ಮಣ್ಣು ಹೊದಿಸಿದ ಮಾಳಿಗೆ ಮನೆ. ಅದು ಬೀಳಲಿಲ್ಲ, ಹಿಂದಿನ ಗೋಡೆ ಮಾತ್ರ ಮೇಲಿಂದ ಕೆಳಗಿನವರೆಗೆ ಬಿರಿಯಿತು. ಅಪ್ಪನ ತಂಗಿಯನ್ನು ಮಾಕಣಿ ಕಡೆಗೆ ಕೊಟ್ಟಿದ್ದರು. ಅಲ್ಲಿ ಅತ್ತೆಯ ಗಂಡ, ಇಬ್ಬರು ಮಕ್ಕಳು ಮಾಳಿಗೆಯ ಮಣ್ಣಿನಡಿ ಹೋದರು. ಅತ್ತೆಯೊಬ್ಬಳನ್ನು ಜೀವಂತ ಎಳೆದು ತೆಗೆದರು. ಅಪ್ಪ ಅವಳನ್ನು ನಮ್ಮ ಮನೆಗೆ ಕರೆತಂದ. ಆದರೆ ಅವಳು ಹೊಸ್ತಿಲು ದಾಟಲಿಲ್ಲ. ಅಂಗಳದ ಬೇವಿನ ಮರದ ಕೆಳಗೆ ನಾಲ್ಕು ತಗಡು ನಿಲ್ಲಿಸಿಕೊಂಡು ಚಳಿ, ಬಿಸಿಲು ಎರಡನ್ನೂ ಅಲ್ಲೇ ಕಳೆದಳು. ತಲೆ ಕೆಟ್ಟಿದೆ ಎಂದ ನೆರೆಯವರ ಮೇಲೆ ಅವ್ವ ಜಗಳಕ್ಕೇ ಹೋಗುತ್ತಿದ್ದಳು.

ಬಂದವರ ಮುಂದೆಲ್ಲ ಅತ್ತೆ ಹೇಳುತ್ತಿದ್ದುದು ಒಂದೇ ಮಾತು. "ಆ ದಿನಾ ಸಂಜಿಂದ ನಮ್ಮ ಬೆಕ್ಕ ಹೊರಗ ಹೋಗ್ಲಿಕ್ಕ ಬಾಗಲಾ ಕೆರೀತಿತ್ತು. ನಾನೇ ಬೈದು ಕ್ವಾಣ್ಯಾಗ ಹಾಕಿ ಚಿಲಕಾ ಹಾಕ್ದೆ. ಅದಕ್ಕ ಗೊತ್ತಿತ್ತು. ನಾ ತಿಳಕೊಳ್ಳಲಿಲ್ಲ."

ಇದನ್ನು ಕೇಳಿ ಕೇಳಿ ಅಪ್ಪನಿಗೆ ಒಂದು ಉಪಾಯ ಹೊಳೆಯಿತು. ಕುರಿ ಮಾರಲು ಉದಗೀರಕ್ಕೆ ಹೋದವನು ದಲಾಲನೊಬ್ಬನ ಮನೆಯಿಂದ ಬೆಕ್ಕು ತಂದ. ಮೈಮೇಲೆ ಒಂದು ಚುಕ್ಕೆ ಇರಲಿಲ್ಲ, ಆಗಷ್ಟೇ ತೆಗೆದ ಬೆಣ್ಣೆಯಂಥ ಬಿಳುಪು. ಎರಡು ಕಣ್ಣೂ ತಿಳಿ ನೀಲಿ. ಅಂಥ ಕಣ್ಣನ್ನು ನಮ್ಮೂರು ಕಂಡಿರಲಿಲ್ಲ. ಮರಾಠಿ ಮಂದಿ "ಘರಾತ ಲಕ್ಷ್ಮೀ ಆಲೀ", ಮನೆಗೆ ಲಕ್ಷ್ಮಿ ಬಂದಳು ಎಂದು ಕೈಮುಗಿದರು. ಅತ್ತೆ ಬೀರಪ್ಪ ದೇವರ ಭಂಡಾರದ ಅರಿಶಿನ ತಂದು ಅದರ ಹಣೆಗೆ ಹಚ್ಚಿದಳು. ಬಿಳಿ ಕೂದಲಿನ ಮೇಲೆ ಆ ಹಳದಿ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ನಾನು ಶಾಲೆಗೂ ಹೋಗದೆ ನೋಡುತ್ತಾ ಕೂತೆ.

ಅಂದಿನಿಂದ ಮನೆಗೆ ಒಂದು ಕಟ್ಟಳೆ ಬಂತು. ಬೆಕ್ಕು ಒಳಗೆ ಮಲಗಿದ್ದರೆ ಮನೆ ಗಟ್ಟಿ. ಅದು ಎದ್ದು ಹೊರಗೆ ಹೋದರೆ ಎಲ್ಲರೂ ಹೊರಗೆ. ಆ ಬೆಕ್ಕೋ, ಹಗಲೆಲ್ಲ ಜೋಳದ ಚೀಲದ ಮೇಲೆ ಕಾಲು ಚಾಚಿ ಮಲಗುವ ಸೋಮಾರಿ. ಅತ್ತೆ ಮೊದಲು ಹೊಸ್ತಿಲ ಮೇಲೆ ಕೂತಳು. ಆಮೇಲೆ ಪಡಸಾಲೆಗೆ ಬಂದಳು. ಮುಂದಿನ ವರ್ಷದ ಯುಗಾದಿಯ ಹೊತ್ತಿಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನನಗೆ ಹೆರಳು ಹಾಕುತ್ತಾ ಒಂದು ದಿನ ಯಾವುದೋ ಮಾತಿಗೆ ನಕ್ಕೇಬಿಟ್ಟಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಿರಿದ ಗೋಡೆಯನ್ನು ಬಿಚ್ಚಿ ಕಟ್ಟಬೇಕೆಂದು ಗೌಂಡಿ ಹೇಳಿ ಹೋಗಿದ್ದ. "ಬೆಕ್ಕೇ ನಿಶ್ಚಿಂತಿ ಮಲಗ್ಯಾದ, ನಮಗೇನು ಅವಸರ?" ಎಂದು ಅಪ್ಪ ಬಿರುಕಿಗೆ ಕೆಸರು ಮೆತ್ತಿ ಸುಮ್ಮನಾದ.

ಒಂದು ಮಧ್ಯಾಹ್ನ ನನ್ನ ಕೈಯಿಂದ ಹಿತ್ತಾಳೆಯ ತಾಟು ಜಾರಿ ಕಲ್ಲಿನ ಮೇಲೆ ಬಿತ್ತು. ಹೊರಗೆ ಕಟ್ಟಿದ್ದ ಆಡು ಕೂಡ ಜಿಗಿಯಿತು. ಬೆಕ್ಕು ಕಿವಿ ಸಹ ಆಡಿಸಲಿಲ್ಲ. ನನಗೆ ಅನುಮಾನ ಬಂತು. ಮತ್ತೆರಡು ದಿನ ಯಾರೂ ಇಲ್ಲದಾಗ ಅದರ ತಲೆಯ ಹಿಂದೆ ತಾಟು ಬಾರಿಸಿದೆ, ಕಿರುಚಿದೆ. ಅದು ಉಸಿರಾಡುತ್ತಾ ಮಲಗಿಯೇ ಇತ್ತು. ಬೆಕ್ಕು ಕಿವುಡು ಎಂದು ನನಗೆ ಗೊತ್ತಾಯಿತು. ಹೇಳಬೇಕೆಂದು ಒಲೆಯ ಹತ್ತಿರ ಹೋದೆ. ಅತ್ತೆ ಹಾಡು ಗುನುಗುತ್ತಾ ಹಿಟ್ಟು ನಾದುತ್ತಿದ್ದಳು. ಹೇಳಿದರೆ ಅವಳು ಮತ್ತೆ ತಗಡಿನ ಕೆಳಗೆ ಹೋಗುತ್ತಾಳೆ, ಬೆಕ್ಕೂ ಉದಗೀರಕ್ಕೆ ಹೋಗುತ್ತದೆ ಎಂದು ನಾನು ಬಾಯಿ ಬಿಡಲಿಲ್ಲ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದೆನೋ ಈಗ ಹೇಳಲಾರೆ.

ಶ್ರಾವಣದಲ್ಲಿ ಮೂರು ದಿನ ಬಿಡದೆ ಜಿಟಿಜಿಟಿ ಹತ್ತಿತು. ನಾಲ್ಕನೆಯ ದಿನ ಮಳೆ ನಿಂತು ಬಿಸಿಲು ಬಿತ್ತು. ಅವ್ವ ಅಂಗಳದಲ್ಲಿ ಹಾಸಿಗೆ ಒಣಹಾಕುತ್ತಿದ್ದಳು. ನಾನು ಹೊಸ್ತಿಲ ಒಳಗೆ ಪಾಟಿ ಹಿಡಿದು ಕೂತಿದ್ದೆ. ಅತ್ತೆ ಒಲೆಯ ಮುಂದೆ ಇದ್ದಳು. ಹಿಂದಿನ ಗೋಡೆಯಿಂದ ಮಣ್ಣು ಸುರಿಯತೊಡಗಿತು, ತೂತಿನ ಚೀಲದಿಂದ ಜೋಳ ಸೋರುವ ಸಪ್ಪಳ. ಆಮೇಲೆ ಒಳಗಿನಿಂದ ಕಲ್ಲು ಕಟಕಟ ಅಂದಿತು. ನಾನು ಎದ್ದು ನಿಂತೆ. ಅತ್ತೆ ತಲೆಯೆತ್ತಿ ಗೋಡೆಯನ್ನು ನೋಡಲಿಲ್ಲ, ಬೆಕ್ಕನ್ನು ನೋಡಿದಳು.

ಅಂಗಳದಿಂದ ಅವ್ವ ಕೂಗಿದಳು. "ಹೊರಗ ಬಾರವ್ವ, ಗ್ವಾಡಿ ಸಪ್ಪಳ ಮಾಡ್ಲಕತ್ತದ!"

"ಬೆಕ್ಕ ಎದ್ದಿಲ್ರೀ ವೈನಿ," ಎಂದಳು ಅತ್ತೆ. "ಹಂಚಿನ ಮ್ಯಾಲ ರೊಟ್ಟಿ ಅದ, ತಗದು ಬರ್ತೀನಿ."

ಅದಕ್ಕೆ ಕಿವಿ ಕೇಳುವುದಿಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ಹೇಳಲಿಲ್ಲ, ಪಾಟಿ ಬಿಸಾಕಿ ಹೊರಗೆ ಓಡಿದೆ. ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಗೋಡೆ ಬಿತ್ತು, ಅದರ ಹಿಂದೆಯೇ ಮಾಳಿಗೆಯ ಮಣ್ಣು. ಊರವರು ಕೂಡಿ ಕಲ್ಲು ಎತ್ತಿ ಹಾಕಿದರು. ಅತ್ತೆಯನ್ನು ಎರಡನೆಯ ಸಲ ಮಣ್ಣಿನಿಂದ ತೆಗೆದರು, ಈ ಸಲ ಉಸಿರಿರಲಿಲ್ಲ. ಬೆಕ್ಕು ಬಾಗಿಲ ಕಡೆಯ ಚೀಲಗಳ ಸಂದಿಯಿಂದ ಕುಂಟುತ್ತಾ ಹೊರಬಂತು. ಮರುದಿನ ಅಪ್ಪ ಅದನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೋದ, ಖಾಲಿ ಚೀಲ ತಂದ. ಎಲ್ಲಿ ಬಿಟ್ಟೆ, ಏನು ಮಾಡಿದೆ ಎಂದು ನಾವು ಯಾರೂ ಕೇಳಲಿಲ್ಲ.

ಮುಂದೆ ಉದಗೀರದ ಕಾಲೇಜಿನಲ್ಲಿ ಮೇಷ್ಟ್ರು ಅನುವಂಶೀಯತೆಯ ಪಾಠ ಮಾಡುವಾಗ ಬಿಳಿ ಬೆಕ್ಕಿನ ಮಾತು ಬಂತು. ಆ ಬಿಳುಪು ಬಣ್ಣವಲ್ಲವಂತೆ, ಬಣ್ಣ ಬಾರದೆ ಇರುವುದು. ಕೂದಲಿಗೂ ಕಣ್ಣಿಗೂ ಬಣ್ಣ ಕೊಡುವ ಜೀವಕೋಶಗಳೇ ಕಿವಿಯ ಒಳಗೂ ಬೇಕು. ಒಂದು ಜೀನು ಅವುಗಳ ದಾರಿ ಕಟ್ಟಿಬಿಟ್ಟರೆ ಮೈ ಬಿಳಿಯಾಗುತ್ತದೆ, ಕಣ್ಣು ನೀಲಿಯಾಗಬಹುದು, ಕಿವಿ ಕಿವುಡಾಗಬಹುದು. ಎಲ್ಲ ಬಿಳಿ ಬೆಕ್ಕೂ ಕಿವುಡಲ್ಲ, ಎರಡೂ ಕಣ್ಣು ನೀಲಿಯಿದ್ದರೆ ಸಂಭವ ಬಹಳ. ನಾವು ಯಾವುದಕ್ಕೆ ಕೈಮುಗಿದಿದ್ದೆವೋ ಅದೇ ಅದರ ಊನದ ಗುರುತಾಗಿತ್ತು. ಪಾಠ ಮುಗಿಯುವ ಮೊದಲೇ ನಾನು ತರಗತಿಯಿಂದ ಎದ್ದು ಹೋದೆ.

ಆ ವಾರ ಊರಿಗೆ ಹೋದೆ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎಲ್ಲ ಹೇಳಿಬಿಡಬೇಕೆಂದೇ ಕೂತೆ.

"ಅವ್ವಾ, ಆ ಬೆಕ್ಕಿಗಿ ಕಿವಿ ಕೇಳ್ತಿದ್ದಿಲ್ಲ."

ಅವಳ ಕೈ ನಿಂತಿತು. "ಹುಟ್ಟಿದಾಗಿಂದೇನು?"

"ಹೂಂ. ಕಣ್ಣು ಬಿಡೋಕಿಂತ ಮೊದ್ಲಿಂದ."

ಅವ್ವ ಮೊರವನ್ನು ಕೆಳಗಿಟ್ಟಳು. "ಈ ಒಂದು ಮಾತು ಯಾರಿಗರ ಗೊತ್ತಿದ್ರ ಆಕಿ ಎದ್ದು ಬರ್ತಿದ್ಲು," ಎಂದಳು. ಆಮೇಲೆ ನನ್ನ ಮುಖ ನೋಡಿ ಹತ್ತಿರ ಸರಿದು, ಜೋಳದ ಧೂಳಿನ ಕೈಯಿಂದಲೇ ಕೆನ್ನೆ ಒರೆಸಿದಳು. "ನೀ ಯಾಕ ಅಳ್ತಿ ಮಗಳ? ಸಣ್ಣಾಕಿ ಇದ್ದಿ. ನಿನಗೇನು ಗೊತ್ತಿತ್ತು?"

"ಗೊತ್ತಿದ್ದಿಲ್ಲವ್ವ," ಎಂದೆ.