ಮಾಲೆ ಹಾಕಿದ ಮನೆಯ ಬೆಕ್ಕುಗಳು

ಕನಕಪುರದಲ್ಲಿ ನಾವು ಬಾಡಿಗೆಗಿರುವುದು ಒಂದು ಮಹಡಿ ಮನೆಯಲ್ಲಿ. ಕೆಳಗೆ ಮನೆಯ ಯಜಮಾನಿ. ಮೇಲೆ ನಾನು, ನನ್ನ ಗಂಡ, ಎರಡು ಬೆಕ್ಕು. ನಮಗೆ ಮಕ್ಕಳಿಲ್ಲ. ಮುಂದೆಯೇ ಲಾರಿ, ಬಸ್ಸು ಓಡಾಡುವ ರಸ್ತೆ ಇರುವುದರಿಂದ ಬೆಕ್ಕುಗಳನ್ನು ನಾವು ಕೆಳಗೆ ಬಿಟ್ಟವರಲ್ಲ. ಬಚ್ಚಲ ಪಕ್ಕ ಒಂದು ಹಳೆಯ ಪ್ಲಾಸ್ಟಿಕ್ ಟಬ್ಬು ಇಟ್ಟು, ಅದರಲ್ಲಿ ಮರದ ಮಿಲ್ಲಿನಿಂದ ತಂದ ಹೊಟ್ಟು ತುಂಬಿದ್ದೆವು. ಎರಡೂ ಅಲ್ಲೇ ಹೋಗಿ, ಅಲ್ಲೇ ಮುಚ್ಚಿ, ಏನೂ ಆಗಿಲ್ಲವೆಂಬಂತೆ ಎದ್ದು ಬರುತ್ತಿದ್ದವು. ಮನೆಗೆ ಬಂದವರಿಗೆ ಬೆಕ್ಕಿರುವುದೇ ತಿಳಿಯುತ್ತಿರಲಿಲ್ಲ. ಅದು ನನಗೆ ಒಳಗೊಳಗೇ ಹೆಮ್ಮೆ. ನಾನು ಮನೆಯಲ್ಲೇ ರವಿಕೆ ಹೊಲಿಯುವವಳು. ಜನರ ಬಟ್ಟೆ ಮನೆ ತುಂಬ ಇರುತ್ತದೆ.

ಬೂದು ಬಣ್ಣದ ಹೆಣ್ಣು ಬೆಕ್ಕನ್ನು ನಾನು ಕೂಟಗಲ್ಲಿನ ತವರುಮನೆಯಿಂದ ತಂದಿದ್ದೆ. ಹಳದಿ ಗಂಡು ಮಾತ್ರ ನನ್ನ ಗಂಡನದು. ಒಮ್ಮೆ ಕುಡಿದು ಬರುವಾಗ ಮೋರಿಯಲ್ಲಿ ಕೂಗುತ್ತಿದ್ದ ಮರಿಯನ್ನು ಅಂಗಿಯೊಳಗೆ ಹಾಕಿಕೊಂಡು ತಂದಿದ್ದರು. ಮರುದಿನ ಅವರಿಗೆ ಅದು ನೆನಪಿರಲಿಲ್ಲ. ಆದರೆ ಮರಿ ಅವರನ್ನು ಬಿಡಲಿಲ್ಲ. ಅವರ ಪಾದದ ಮೇಲೆ ತಲೆಯಿಟ್ಟು ಮಲಗುತ್ತಿತ್ತು. ಭಾನುವಾರ ಅವರು ಕೋಳಿ ಅಂಗಡಿಯಿಂದ ಕತ್ತು, ಈಲಿ, ಮೀನಿನಂಗಡಿಯಿಂದ ತಲೆಗಳನ್ನು ಬೇರೆ ಕವರಿನಲ್ಲಿ ಕಟ್ಟಿಸಿಕೊಂಡು ಬರುತ್ತಿದ್ದರು. ನಾನು ಅದನ್ನು ನೀರು ಜಾಸ್ತಿ ಹಾಕಿ ಬೇಯಿಸಿ, ಅನ್ನದ ಜೊತೆ ಕಿವುಚಿ ಹಾಕುತ್ತಿದ್ದೆ.

ನನ್ನ ಗಂಡ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ಆಪರೇಟರ್ ಆಗಿದ್ದರು. ಕುಡಿದು ಕೆಲಸಕ್ಕೆ ಹೋಗಿ ಸಿಕ್ಕಿಬಿದ್ದ ಮೇಲೆ ಅವರನ್ನು ಮೆಷಿನ್ನಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕಿದರು. ಅತ್ತೆ ಊರಿಂದ ಬಂದು ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡು ಅತ್ತರು.

"ಒಂದ್ ಕಿತ ಅಯ್ಯಪ್ಪನ ಮಾಲೆ ಹಾಕಿಸ್ಬುಡವ್ವ. ನಮ್ಮಿಂದ ಆಗ್ನಿಲ್ಲ. ಆ ಸ್ವಾಮಿನೇ ಬುಡುಸ್ಲಿ."

ನನ್ನ ಗಂಡ ಒಪ್ಪಿದ್ದು ನನಗೇ ಆಶ್ಚರ್ಯ. ಕಾರ್ತಿಕದಲ್ಲಿ ಮಾಲೆ ಬಿತ್ತು. ಕಪ್ಪು ಪಂಚೆ, ಬರಿಗಾಲು, ಬೆಳಗಿನ ಜಾವ ತಣ್ಣೀರು ಸ್ನಾನ, ಎರಡು ಹೊತ್ತು ಪೂಜೆ, ನೆಲದ ಮೇಲೆ ಚಾಪೆ. ನಾನೂ ಅವರನ್ನು 'ಸ್ವಾಮಿ' ಎನ್ನಬೇಕು. ಅವರು ನನ್ನನ್ನು 'ತಾಯಿ' ಎನ್ನುತ್ತಿದ್ದರು. ಮೊದಮೊದಲು ಇಬ್ಬರಿಗೂ ನಗು ಬರುತ್ತಿತ್ತು. ಆಮೇಲೆ ನನಗೆ ಆ ದಿನಗಳು ಮುಗಿಯದಿರಲಿ ಎನ್ನಿಸತೊಡಗಿತು. ಮದುವೆಯಾದ ಮೇಲೆ ಸಂಜೆಯ ಹೊತ್ತು ಬಾಗಿಲ ಕಡೆ ಕಿವಿ ಕೊಡದೆ ಕೂತು ಹೊಲಿದದ್ದು ಆಗಲೇ.

ಮಾಲೆ ಹಾಕಿದ ಮನೆಯಲ್ಲಿ ಮಾಂಸ ಬೇಯುವಂತಿಲ್ಲ. ಮಾಲೆ ಹಾಕಿದ ಗುರುಸ್ವಾಮಿಗಳು ವಯಸ್ಸಾದವರು, ಮೆತ್ತಗಿನ ಮನುಷ್ಯ. ಬೆಕ್ಕಿನ ವಿಷಯ ಕೇಳಿದ್ದಕ್ಕೆ, "ಅವೂ ಒಸಿ ದಿನ ವ್ರತ ಮಾಡ್ಲಿ ಬುಡವ್ವ, ಏನಾದದು," ಎಂದು ನಕ್ಕರು. ನಾನು ಮೊಸರನ್ನ ಹಾಕಿದೆ. ಎರಡಕ್ಕೂ ಭೇದಿಯಾಯಿತು. ಟಬ್ಬಿನವರೆಗೂ ಹೋಗಲಾಗದೆ ಅಡುಗೆಮನೆಯ ಹೊಸ್ತಿಲಲ್ಲೇ ಮಾಡಿಕೊಂಡವು. ಆಗ ನನ್ನ ಗಂಡ ಅಂಗಡಿಯಿಂದ ಬೆಕ್ಕಿಗೆಂದೇ ಬರುವ ಒಣ ಕಾಳಿನ ಪ್ಯಾಕೆಟ್ ತಂದರು. ಅದರ ಮೇಲೆ ಮೀನಿನ ಚಿತ್ರವಿತ್ತು. ಅವರು ಅದನ್ನು ನೋಡಿ, ಕಾಳನ್ನೆಲ್ಲ ಒಂದು ಡಬ್ಬಿಗೆ ಸುರಿದು, ಪ್ಯಾಕೆಟ್ಟನ್ನು ಕೆಳಗೆ ಹೋಗಿ ಎಸೆದು ಬಂದರು.

ಭೇದಿ ನಿಂತಿತು. ಕಾಳನ್ನು ಎರಡೂ ಕಟಕಟ ಅಗಿದು ತಿಂದವು. ಮೊದಲಿನ ನೀರು ನೀರಾದ ಊಟ ಹೋಗಿತ್ತು. ಬಟ್ಟಲಿನ ನೀರಿಗೆ ಗಂಡು ಬಾಯಿ ಹಾಕುವುದೇ ಅಪರೂಪವಾಗಿತ್ತು. ಅದನ್ನು ಆಗ ಯಾರು ಗಮನಿಸುತ್ತಾರೆ?

ಕೆಲವು ದಿನಗಳಾದ ಮೇಲೆ ಹಳದಿ ಬೆಕ್ಕು ಟಬ್ಬಿಗೆ ಹೋಗುವುದು, ಕೂರುವುದು, ಎದ್ದು ಬರುವುದು, ಮತ್ತೆ ಹೋಗುವುದು ಶುರುವಾಯಿತು. ಹೊಟ್ಟು ಕೆದಕಿ ಕೆದಕಿ ನೆಲದ ತುಂಬ ಚೆಲ್ಲುತ್ತಿತ್ತು. ಒಣ ಕಾಳು ತಿಂದು ಮಲ ಕಟ್ಟಿದೆ ಎಂದುಕೊಂಡು ನನ್ನ ಗಂಡ ಬೆಚ್ಚಗಿನ ಹಾಲಿಗೆ ತುಪ್ಪ ಹಾಕಿ ಕುಡಿಸಿದರು. ಆಮೇಲೆ ಅದು ಟಬ್ಬನ್ನೇ ಬಿಟ್ಟಿತು. ಬಚ್ಚಲ ಕಲ್ಲಿನ ಮೇಲೆ ಒಂದು ತೊಟ್ಟು, ನನ್ನ ಹೊಲಿಗೆ ಬಟ್ಟೆಯ ಗಂಟಿನ ಮೇಲೆ ಒಂದು ತೊಟ್ಟು. ಒಂದು ಬೆಳಿಗ್ಗೆ ಪೂಜೆಗೆ ಹಾಸಿದ ಚಾಪೆಯ ಮೇಲೆ ಕೂತು, ಬಾಯಿ ತೆರೆದು, ಕೇಳಲಾಗದ ಒಂದು ದನಿ ತೆಗೆಯಿತು. ಅದು ಎದ್ದ ಜಾಗದಲ್ಲಿ ಗುಲಾಬಿ ಬಣ್ಣದ ಹನಿ.

ಅಂದು ಭಜನೆಗೆ ಬಂದಿದ್ದ ಗುರುಸ್ವಾಮಿಗಳು ಅದನ್ನು ನೋಡಿದರು. ಬೈಯಲಿಲ್ಲ.

"ಸ್ವಾಮಿ, ಇದ್ನ ಯಾರ್ ಮನೇಲಾದ್ರೂ ಬುಟ್ಬುಡಿ. ಮಲೆಗೆ ಹೋಗಿ ಬಂದ್ಮೇಲೆ ತಂದ್ಕಳಿ," ಎಂದರು.

ನನ್ನ ಗಂಡ ತಲೆ ತಗ್ಗಿಸಿ ಕೇಳಿಸಿಕೊಂಡರು. ಗುರುಸ್ವಾಮಿಗಳು ಹೋದ ಮೇಲೆ ಚಾಪೆ ತೊಳೆದು, ಇನ್ನೊಮ್ಮೆ ಸ್ನಾನ ಮಾಡಿ ಬಂದು, "ತಾಯೀ, ತರಕಾರಿ ಬುಟ್ಟಿ ಕೊಡಿ. ಬೆಂಗಳೂರ್ಗೆ ಹೋಗಾನ," ಎಂದರು.

ಬಸ್ಸಿನಲ್ಲಿ ಕಪ್ಪು ಬಟ್ಟೆ ಕಂಡು ಯಾರೋ, "ಕೂತ್ಕಳಿ ಸ್ವಾಮಿ," ಎಂದು ಸೀಟು ಬಿಟ್ಟುಕೊಟ್ಟರು. ತೊಡೆಯ ಮೇಲಿನ ಬುಟ್ಟಿಯಿಂದ ಬೆಕ್ಕು ಕೂಗಿದಾಗಲೆಲ್ಲ ಅವರು ಮುಚ್ಚಳದ ಸಂದಿಯಲ್ಲಿ ಬೆರಳು ತೂರಿಸಿ, "ಬಂದ್ಬುಟ್ಟೊ, ಬಂದ್ಬುಟ್ಟೊ," ಎನ್ನುತ್ತಿದ್ದರು. ಅಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, "ಮಲ ಅಲ್ಲ, ಮೂತ್ರ ಕಟ್ಟಿದೆ. ಇನ್ನು ಸ್ವಲ್ಪ ತಡ ಆಗಿದ್ದರೆ ಉಳೀತಿರಲಿಲ್ಲ," ಎಂದರು. ಸಣ್ಣ ನಳಿಗೆ ಹಾಕಿ ತೆಗೆದರು. ಗಂಡು ಬೆಕ್ಕಿನ ಮೂತ್ರದ ದಾರಿ ಬಹಳ ಕಿರಿದು, ನೀರು ಸಾಲದಾದಾಗ ಮರಳಿನಂಥದ್ದು ಸೇರಿ ಕಟ್ಟಿಕೊಳ್ಳುತ್ತದೆ, ಒಣ ಕಾಳು ನಿಲ್ಲಿಸಿ, ಕೋಳಿಯನ್ನೋ ಮೀನನ್ನೋ ಚೆನ್ನಾಗಿ ನೀರು ಹಾಕಿ ಬೇಯಿಸಿ ಕೊಡಿ ಎಂದರು. ನನ್ನ ಗಂಡ ನನ್ನ ಮುಖ ನೋಡಿದರು.

"ಬೇರೆ ಏನೂ ಇಲ್ವಾ ಡಾಕ್ಟ್ರೇ?" ಎಂದು ನಾನೇ ಕೇಳಿದೆ.

ಕಾಯಿಲೆಗೆಂದೇ ಬರುವ ಡಬ್ಬಿಯ ಊಟವೊಂದಿದೆ, ಅದೂ ಮಾಂಸದ್ದೇ ಎಂದರು.

ದಾರಿ ತೋರಿಸಿದ್ದು ಕೆಳಗಿನ ಮನೆಯ ಯಜಮಾನಿ. "ನಮ್ಮನೇಲಿ ಮಾಲೆ ಇಲ್ವಲ್ಲ. ನಾನೇ ಬೇಯಿಸ್ಕೊಡ್ತೀನಿ, ತಿನ್ಸವ್ವ," ಎಂದು ದಿನವೂ ಒಂದು ತಟ್ಟೆಯಲ್ಲಿ ಕೋಳಿಯ ಸಾರುನೀರು ಆರಿಸಿಟ್ಟರು. ಅದನ್ನು ಮೇಲೆ ತರುವಂತಿರಲಿಲ್ಲ. ನಾನು ಬೆಕ್ಕನ್ನು ಎತ್ತಿಕೊಂಡು ಮೆಟ್ಟಿಲಿಳಿದು ಹೋಗಿ, ಕೆಳಗೆ ಕೂತು ತಿನ್ನಿಸಿ, ಅದರ ಬಾಯಿ ಒರೆಸಿ ಮೇಲೆ ತರುತ್ತಿದ್ದೆ. ಹೊಸ ಜಾಗದ ಹೆದರಿಕೆಗೆ ಅದು ಅರ್ಧ ತಿಂದರೆ ಹೆಚ್ಚು. ಆದರೂ ಮೂತ್ರ ಬರುತ್ತಿತ್ತು. ಟಬ್ಬಿನ ಹೊಟ್ಟಿನಲ್ಲಿ ಒದ್ದೆ ಉಂಡೆ ಕಂಡ ದಿನ ನನ್ನ ಗಂಡ, "ಸ್ವಾಮಿಯೇ ಶರಣಂ," ಎಂದು ಕೈ ಮುಗಿದರು. ಬೆಕ್ಕಿನ ಮೂತ್ರಕ್ಕೆ ಕೈ ಮುಗಿದವರನ್ನು ನಾನು ಬೇರೆ ಕಂಡಿಲ್ಲ.

ಮಲೆಗೆ ಹೊರಡಲು ಇರುಮುಡಿ ಗಂಟು ಕಟ್ಟುವ ದಿನ ಅತ್ತೆ, ನಾನು, ನೆಂಟರು ಎಲ್ಲ ಅಕ್ಕಿ ತುಂಬಿದೆವು. ಅತ್ತೆ ಮಗನ ಕಿವಿಯಲ್ಲಿ, "ಕುಡ್ತ ಬುಡ್ಸಪ್ಪಾ ಅಂತ ಕೇಳ್ಕಳ್ಲಾ," ಎಂದರು. ಅವರು ತಲೆಯಾಡಿಸಿದರು. ಗಂಟು ತಲೆಯ ಮೇಲೇರಿದ ಮೇಲೆ ಹಿಂದೆ ತಿರುಗಿ ನೋಡಬಾರದು. ಅದಕ್ಕೆ ಮೊದಲೇ ನನ್ನ ಹತ್ತಿರ ಬಂದು, "ಅದಕ್ಕೆ ನೀರು ಕುಡ್ಸದ ಮರೀಬೇಡಿ," ಎಂದರು.

ನಾನು ಮರೆಯಲಿಲ್ಲ. ಚಮಚದಲ್ಲಿ ಕುಡಿಸಿದೆ. ಅವರು ಹೋದ ಮಾರನೆಯ ದಿನವೇ ಬೆಕ್ಕು ಮತ್ತೆ ಟಬ್ಬಿನಲ್ಲಿ ಕೂತು ಏಳದಾಯಿತು. ಅವರಿಗೆ ಫೋನು ಮಾಡಿದೆ, ಸಿಗಲಿಲ್ಲ. ಯಜಮಾನಿಯನ್ನು ಕರೆದುಕೊಂಡು ದನದ ಆಸ್ಪತ್ರೆಗೆ ಓಡಿದೆ. ಡಾಕ್ಟರು ಹಳ್ಳಿ ಕಡೆ ಹಸು ನೋಡಲು ಹೋಗಿದ್ದರು. ಇಬ್ಬರೂ ಬೆಂಗಳೂರಿನ ಬಸ್ಸು ಹತ್ತಿದೆವು. ಹಾರೋಹಳ್ಳಿ ದಾಟುವಾಗ ಅದು ವಾಂತಿ ಮಾಡಿಕೊಂಡಿತು. ಆಮೇಲೆ ಕೂಗಲಿಲ್ಲ. ನಾನು ಮುಚ್ಚಳ ತೆಗೆದು ಕೈಯಿಟ್ಟೆ. ಮೈ ಬಿಸಿಯಿತ್ತು, ಉಸಿರಿರಲಿಲ್ಲ.

"ಇಳ್ಕೊಬುಡಾನ ಬಾ," ಎಂದರು ಯಜಮಾನಿ. ಮುಂದಿನ ಸ್ಟಾಪಿನಲ್ಲಿ ಇಳಿದು, ರಸ್ತೆ ದಾಟಿ, ಹಿಂದಿರುಗುವ ಬಸ್ಸಿಗೆ ಬಹಳ ಹೊತ್ತು ಕಾದೆವು. ಅವರ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಗುಂಡಿ ತೋಡಿಸಿ ಹೂತೆವು.

ಮಲೆಯಿಂದ ಬಂದವರು ಬಾಗಿಲಲ್ಲಿ ಕಾಲು ತೊಳೆದುಕೊಂಡು ಒಳಗೆ ಬಂದರು. ಪ್ರಸಾದದ ಡಬ್ಬಿಯನ್ನು ನನ್ನ ಕೈಗಿಟ್ಟು ಮೂಲೆ ಮೂಲೆ ನೋಡಿದರು. ನಾನು ಹೇಳಿದೆ. ಗುರುಸ್ವಾಮಿಗಳು ಬಂದು ಮಾಲೆ ತೆಗೆದರು. ಅತ್ತೆ ಎಲ್ಲರಿಗೂ ಪಾಯಸ ಬಡಿಸಿದರು. ಸಂಜೆಯಾಗುತ್ತಲೇ ನನ್ನ ಗಂಡ ಚಪ್ಪಲಿ ಮೆಟ್ಟಿಕೊಂಡರು.

"ಎಲ್ಲಿಗ್ರೀ?"

"ಒಸಿ ಓಡಾಡ್ಕೊಂಡ್ ಬತ್ತೀನಿ."

ಬಂದಾಗ ಮೆಟ್ಟಿಲ ಮೇಲಿನ ಹೆಜ್ಜೆಯ ಸದ್ದಿನಲ್ಲೇ ನನಗೆ ತಿಳಿಯಿತು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನನ್ನ ಗಂಡ ಗೋಡೆಗೊರಗಿ ಕೂತು ನನ್ನನ್ನೇ ನೋಡಿ ಹೇಳಿದರು:

"ನಾನು ಅಲ್ಲಿ ಕುಡ್ತದ ಮಾತೇ ಎತ್ತಲಿಲ್ಲ ಕಣಮ್ಮಿ. ಅದೊಂದು ಉಳ್ಕಳ್ಲಿ ಅಂತ ಕೇಳ್ಕಂಡೆ. ಅಷ್ಟೇಯ. ಅಷ್ಟೂ ಆಗ್ನಿಲ್ಲ."

ನಿಜವೋ, ಕುಡಿದ ಬಾಯಿಯ ನೆಪವೋ, ಇವತ್ತಿಗೂ ನನಗೆ ತಿಳಿದಿಲ್ಲ. ಬೆಕ್ಕು ಬದುಕಿದ್ದರೂ ಅವರು ಕುಡಿಯುತ್ತಿದ್ದರೇನೋ. ಬೆಟ್ಟದ ಮೇಲೆ ನಿಂತು ಬೆಕ್ಕಿನ ಜೀವವನ್ನು ಮಾತ್ರ ಕೇಳಿಕೊಂಡದ್ದು ನಿಜವಾದರೆ, ಅದಕ್ಕೆ ಸಿಟ್ಟಾಗಬೇಕೋ ಅಳಬೇಕೋ ಅದೂ ತಿಳಿಯದೆ, ಅಂದು ಅವರ ಮುಂದೆ ತಟ್ಟೆಯಿಟ್ಟು ಅನ್ನ ಬಡಿಸಿದೆ.

ಬೂದು ಬೆಕ್ಕು ಉಳಿಯಿತು, ಟಬ್ಬಿಗೆ ಮಾತ್ರ ಹೋಗಲಿಲ್ಲ. ಮನೆಗೆ ಮೀನು, ಕೋಳಿ ಮತ್ತೆ ಬಂದವು. ಹಳೆಯ ಊಟವನ್ನೇ ಹಾಕಿದೆ. ಹೊಸ ಟಬ್ಬು ತಂದೆ, ಹೊಟ್ಟು ಬದಲಾಯಿಸಿದೆ, ಟಬ್ಬಿನ ಜಾಗ ಬದಲಾಯಿಸಿದೆ. ಡಾಕ್ಟರಮ್ಮ ಫೋನಿನಲ್ಲಿ ಹೇಳಿದ್ದನ್ನೆಲ್ಲ ಮಾಡಿದೆ. ಅದು ಟಬ್ಬಿನ ಅಂಚಿಗೆ ಬಂದು, ಮೂಸಿ, ಹಿಂದಕ್ಕೆ ಸರಿಯುತ್ತಿತ್ತು. ಆಮೇಲೆ ಯಾರದೋ ರೇಷ್ಮೆ ರವಿಕೆಯ ಮೇಲೆ ಮಾಡುತ್ತಿತ್ತು. ಹೊಲಿಸಿಕೊಳ್ಳುವವರು ಮೂಗು ಮುರಿದರು, ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಕೊನೆಗೆ ಅದನ್ನು ಬುಟ್ಟಿಗೆ ಹಾಕಿಕೊಂಡು ಕೂಟಗಲ್ಲಿಗೆ ಹೋಗಿ ಅವ್ವನ ಹತ್ತಿರ ಬಿಟ್ಟು ಬಂದೆ. ಅಲ್ಲಿ ಹಿತ್ತಲಿದೆ, ಮಣ್ಣಿದೆ, ಎಲ್ಲಿ ಬೇಕಾದರೂ ಕೂರಬಹುದು ಎಂದುಕೊಂಡೆ.

ಈ ವರ್ಷವೂ ಅತ್ತೆ ಮಾಲೆಯ ಮಾತೆತ್ತಿದ್ದಾರೆ. "ಹಾಕ್ಕತೀನಿ ಬುಡವ್ವ," ಎಂದಿದ್ದಾರೆ ಇವರು, ಟಿವಿಯಿಂದ ಕಣ್ಣು ತೆಗೆಯದೆ.

ಮೊನ್ನೆ ಅವ್ವನಿಗೆ ಫೋನು ಮಾಡಿ ಬೆಕ್ಕು ಹೇಗಿದೆ ಎಂದು ಕೇಳಿದೆ. ಅವ್ವ ಹೇಳಿದಳು: "ನೀನು ಬುಟ್ಟೋದ ವಾರದಲ್ಲೇ ಹೊಲದ ಕಡೀಕೆ ಹೋಗಿದ್ದು ತಿರ್ಗಾ ಮನೆ ಕಡೆ ಸುಳೀನಿಲ್ಲ ಕಣವ್ವ. ಹೇಳಾಕೆ ಮನಸ್ ಬರ್ನಿಲ್ಲ."