ಟೇಲ್ ರಿಕರ್ಷನ್ ಪಾಠ ಯಾರದು

2003ರಲ್ಲಿ ನಾನು ಹುಣಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿಸಿಎ ಉಪನ್ಯಾಸಕನಾಗಿದ್ದೆ. ಆ ವರ್ಷ ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಹೊಸ ಪತ್ರಿಕೆ ಬಂತು. ಅದನ್ನು ಕಲಿಸುತ್ತೇವೆಂದು ಕೇಳಿದವರು ಇಬ್ಬರು: ನಾನು, ಮತ್ತು ನನ್ನ ನಂತರ ಸೇರಿದ್ದ ಕಂಪಲಾಪುರದ ಲತಾಮಣಿ. "ಇಬ್ರೂ ಒಂದೊಂದು ಕ್ಲಾಸ್ ತಗೊಳ್ಳಿ. ಹುಡುಗ್ರಿಗೆ ಯಾರ್ದು ಅರ್ಥ ಆಯ್ತದೋ ಅವ್ರಿಗೆ ಪೇಪರು," ಎಂದರು ಪ್ರಾಂಶುಪಾಲರು. ನಾನು ಮೈಸೂರಿನಲ್ಲಿ ಎಂಎಸ್ಸಿ ಮಾಡಿದವನು. ಆಕೆ ಅಂಚೆ ಶಿಕ್ಷಣದಲ್ಲಿ ಓದಿದವರು. ಪತ್ರಿಕೆ ನನ್ನದೇ ಎಂದುಕೊಂಡಿದ್ದೆ.

ಆಗಷ್ಟೇ ಕಲಿತಿದ್ದ ಟೇಲ್ ರಿಕರ್ಷನ್ ಅನ್ನೇ ಪಾಠಕ್ಕೆ ಆರಿಸಿಕೊಂಡೆ. ರಿಕರ್ಷನ್ ಎಂದರೆ ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದು. ಸಂಖ್ಯೆಗಳ ಪಟ್ಟಿಯನ್ನು ಹೀಗೆ ಕೂಡುವಾಗ, ಉಳಿದವುಗಳ ಮೊತ್ತ ಬರಲೆಂದು ಪ್ರತಿ ಕರೆಯೂ ಕಾಯುತ್ತದೆ. ಕಾಯುವ ಕರೆಗಳೆಲ್ಲ ಸ್ಟ್ಯಾಕ್ ಎಂಬ ಮೆಮೊರಿಯಲ್ಲಿ ಒಂದರ ಮೇಲೊಂದು ಕೂರುತ್ತವೆ. ಅದು ತುಂಬಿದರೆ ಪ್ರೋಗ್ರಾಂ ನಿಲ್ಲುತ್ತದೆ. ಟೇಲ್ ರಿಕರ್ಷನ್‌ನಲ್ಲಿ ಅಲ್ಲಿಯವರೆಗಿನ ಮೊತ್ತವನ್ನು ಮುಂದಿನ ಕರೆಗೇ ಒಪ್ಪಿಸುತ್ತೇವೆ. ಯಾರೂ ಕಾಯಬೇಕಿಲ್ಲ.

ಇಷ್ಟನ್ನು ಚೆನ್ನಾಗಿಯೇ ಹೇಳಿದೆನೆಂದು ನೆನಪು. ಆಮೇಲೆ ಪ್ರೋಗ್ರಾಂ ಬರೆದು ಓಡಿಸಿದೆ. ಸಣ್ಣ ಪಟ್ಟಿಗೆ ಉತ್ತರ ಸರಿ ಬಂತು. ಉದ್ದದ ಪಟ್ಟಿ ಕೊಟ್ಟಾಗ ಪ್ರೋಗ್ರಾಂ ನಿಂತಿತು. ಮತ್ತೆ ಓಡಿಸಿದೆ, ಮತ್ತೆ ನಿಂತಿತು. ಮೊತ್ತ ಒಯ್ಯಲು ಜಾಗ ಮಾಡಿದ್ದೆ. ಕೂಡುವ ಕೆಲಸವನ್ನು ಮಾತ್ರ ಕರೆಯ ಹೊರಗೇ ಬಿಟ್ಟಿದ್ದೆ, ಹಾಗಾಗಿ ಪ್ರತಿ ಕರೆಯೂ ಮೊದಲಿನಂತೆಯೇ ಕಾಯುತ್ತಿತ್ತು. ಅದು ನನಗೆ ಕಾಣಲಿಲ್ಲ.

ನನ್ನ ಪಾಠ ಕೇಳಲು ಹಿಂದಿನ ಬೆಂಚಿನಲ್ಲಿ ಕೂತಿದ್ದ ಲತಾಮಣಿ ಹೇಳಿದರು: "ನಿಮ್ ಫಂಕ್ಷನ್ನು 'ಹೋಗಿ ಬತ್ತೀನಿ' ಅಂತ ಹೇಳಿ ಹೊಂಟದೆ ಸಾರ್. ಬರೋಗಂಟ ಮನೇವ್ರು ಬಾಗ್ಲು ತಕ್ಕೊಂಡು ಕಾಯ್ಬೇಕಲ್ಲ."

"ಅಂಗಾರೆ 'ಹೋಯ್ತೀನಿ' ಅನ್ಬೇಕಾ ಮೇಡಂ?" ಎಂದ ಒಬ್ಬ ವಿದ್ಯಾರ್ಥಿ. "ನಮ್ಮವ್ವ ಕೇಳುಸ್ಕೊಂಡ್ರೆ ಪರಕೇಲಿ ಬಾರುಸ್ತಳೆ."

"ಕಂಪ್ಯೂಟರ್‌ಗೆ ಶಕುನ ಇಲ್ಲ ಕಣಪ್ಪ. ಗಂಟು ಮೂಟೆ ಎಲ್ಲ ಕೈಗೆ ಕೊಟ್ಟು ಕಳಿಸ್ಬುಡು, ಬಾಗ್ಲು ಹಾಕ್ಕೊಂಡು ಮನೀಕೊ."

ಎದ್ದು ಬಂದು, ಹೊರಗಿದ್ದ ಕೂಡುವಿಕೆಯನ್ನು ಕರೆಯ ಒಳಗೆ ಸೇರಿಸಿದರು. ಉದ್ದದ ಪಟ್ಟಿಗೂ ಉತ್ತರ ಬಂತು. ತರಗತಿ ನಕ್ಕಿತು. ನನ್ನನ್ನು ನೋಡಿಯೇ ನಕ್ಕರೋ, ಆ ಹುಡುಗನ ಮಾತಿಗೆ ನಕ್ಕರೋ, ಇಂದು ಖಚಿತವಾಗಿ ಹೇಳಲಾರೆ. ಹೊಟ್ಟೆಕಿಚ್ಚು ನೆನಪಿಗೆ ತನ್ನದೇ ನಗು ಸೇರಿಸಿರಬಹುದು. ಲತಾಮಣಿಯವರ ಪಾಠದ ಸರದಿ ಬರುವ ಮೊದಲೇ ಪತ್ರಿಕೆ ಅವರದಾಯಿತು.

ಕೆಲವು ವರ್ಷಗಳ ಮೇಲೆ ಅವರಿಗೆ ಎಚ್.ಡಿ. ಕೋಟೆಯಲ್ಲಿ ಸರ್ಕಾರಿ ಕೆಲಸ ಸಿಕ್ಕಿತು, ಪತ್ರಿಕೆ ನನಗೆ ಬಂತು. ನನ್ನದೇ ಉದಾಹರಣೆ ಬೇಕೆಂದು ಬಸ್ ಕಂಡಕ್ಟರ್, ತಂಬಾಕು ಒಣಗಿಸುವ ಬ್ಯಾರನ್ ಮನೆ, ಏನೇನೋ ಹೇಳಿ ನೋಡಿದೆ. ಹುಡುಗರು ಆಕಳಿಸಿದರು. ಕೊನೆಗೆ ಅವರ ಮಾತನ್ನೇ, ಅವರ ಹೆಸರಿನಲ್ಲೇ, ಹೇಳಿದೆ. ಎಲ್ಲರಿಗೂ ಅರ್ಥವಾಯಿತು. ಹೊರಡುವಾಗ ಹುಡುಗನೊಬ್ಬ, "ಆ ಮೇಡಂ ಶಾನೆ ಚೆನ್ನಾಗಿ ಪಾಠ ಮಾಡ್ತಾರೆ ಸಾರ್," ಎಂದ. ಅವನು ಆಕೆಯ ಮುಖವನ್ನೂ ನೋಡಿದವನಲ್ಲ. ಒಂದು ಗಂಟೆ ನಿಂತು ಕಲಿಸಿದವನು ನಾನು. ಹೊಗಳಿಕೆ ಕೋಟೆ ಬಸ್ಸು ಹತ್ತಿ ಹೋಯಿತು.

ಮೇಷ್ಟ್ರ ಕೆಲಸದಲ್ಲಿ ನಮಗೆ ಗೊತ್ತಿರುವುದು ಲೆಕ್ಕಕ್ಕಿಲ್ಲ, ಇನ್ನೊಬ್ಬರಿಗೆ ಗೊತ್ತಾದದ್ದಷ್ಟೇ ಲೆಕ್ಕ ಎಂದು ಅವತ್ತು ಕಲಿತೆ. ಕಲಿತಿದ್ದರಿಂದ ಅಸೂಯೆಯೇನೂ ಕಡಿಮೆಯಾಗಲಿಲ್ಲ.